ಬಂದೂಕು ಒಂದು, ಕಾಗದ ನಾಲ್ಕು

1848. ಮೆಕ್ಸಿಕೋ ಯುದ್ಧ ಮುಗಿದು ಅಮೆರಿಕದ ಸೇನೆ ಗಂಟುಮೂಟೆ ಕಟ್ಟುತ್ತಿದ್ದ ಹೊತ್ತು. ನಾಲ್ಕನೇ ಕಾಲಾಳು ರೆಜಿಮೆಂಟಿನ ಕ್ವಾರ್ಟರ್‌ಮಾಸ್ಟರ್, ಅಂದರೆ ಉಗ್ರಾಣದ ಹೊಣೆ ಹೊತ್ತ ಕಿರಿಯ ಅಧಿಕಾರಿ, ತನ್ನ ವಶದಲ್ಲಿದ್ದ ಸರ್ಕಾರದ 1,000 ಡಾಲರನ್ನು ಜೊತೆಯ ಕ್ಯಾಪ್ಟನ್ ಒಬ್ಬನ ಟ್ರಂಕಿನಲ್ಲಿ ಭದ್ರವಾಗಿರಲಿ ಎಂದು ಇಟ್ಟಿದ್ದ. ದುಡ್ಡು ಕಳುವಾಯಿತು. ವಿಚಾರಣೆಗೆ ಕೂತ ಅಧಿಕಾರಿಗಳು ಇವನ ತಪ್ಪೇನೂ ಇಲ್ಲ ಅಂದರು. ಆದರೆ ಖಜಾನೆಯ ಪುಸ್ತಕ ಅದನ್ನು ಒಪ್ಪಲಿಲ್ಲ. ಅಲ್ಲಿ ಅವನ ಹೆಸರಿನ ಮುಂದೆ 1,000 ಡಾಲರ್ ಬಾಕಿ ಹಾಗೇ ಉಳಿಯಿತು. ಅವನು ಸೇನೆ ಬಿಟ್ಟ, ಬೇಸಾಯ ಮಾಡಿ ಕೈಸುಟ್ಟುಕೊಂಡ, ಅಪ್ಪನ ಚರ್ಮದ ಅಂಗಡಿಯಲ್ಲಿ ಗುಮಾಸ್ತನಾದ. ಬಾಕಿ ಬಿಡಲಿಲ್ಲ. ಕೊನೆಗೆ 1862ರಲ್ಲಿ ಅಮೆರಿಕದ ಕಾಂಗ್ರೆಸ್ ಅವನೊಬ್ಬನಿಗಾಗಿಯೇ ಕಾನೂನು ಮಾಡಿ ಆ ಸಾಲ ಮನ್ನಾ ಮಾಡಿತು. ಅಷ್ಟು ಹೊತ್ತಿಗೆ ಅವನು ಡೊನೆಲ್ಸನ್ ಕೋಟೆ ಗೆದ್ದ ಮೇಜರ್ ಜನರಲ್ ಆಗಿ ಊರೆಲ್ಲ ಹೆಸರಾಗಿದ್ದ. ಹೆಸರು ಯುಲಿಸಿಸ್ ಗ್ರಾಂಟ್. ಮುಂದೆ ಆ ದೇಶದ ಅಧ್ಯಕ್ಷ.

ಒಕ್ಕೂಟ ಬಿಟ್ಟು ಬೇರೆಯಾದ ದಕ್ಷಿಣದ ರಾಜ್ಯಗಳಿಗೂ ಉತ್ತರದ ಕೇಂದ್ರ ಸರ್ಕಾರಕ್ಕೂ ನಡೆದ ಅಮೆರಿಕದ ಅಂತರ್ಯುದ್ಧದ (1861–1865) ಅಧಿಕಾರಿಯೊಬ್ಬನ ಕಾಗದದ ಕಟ್ಟು ಬಿಚ್ಚಿದವರು ಮೊದಲು ನಿರಾಶರಾಗುತ್ತಾರೆ. ಕಾಳಗದ ವರ್ಣನೆ ಇರಬಹುದು, ಹೆಂಡತಿಗೆ ಬರೆದ ಓಲೆ ಇರಬಹುದು ಎಂದುಕೊಂಡು ಕೂತರೆ ಸಿಗುವುದು 'ಪ್ಯಾಂಟು 14, ಬೂಟು 9 ಜೊತೆ, ಕಂಬಳಿ 6' ಎಂಬಂಥ ಪಟ್ಟಿಗಳು. ಒಂದೇ ಪಟ್ಟಿಯ ಮೂರು ನಕಲು ಬೇರೆ. ಈ ಮನುಷ್ಯ ಇವನ್ನೆಲ್ಲ ಸಾಯುವತನಕ ಯಾಕೆ ಕಾಪಾಡಿಕೊಂಡ ಅನಿಸುತ್ತದೆ. ಗ್ರಾಂಟನ ಕತೆ ಗೊತ್ತಿದ್ದರೆ ಉತ್ತರ ಗೊತ್ತು. ಆಡಿಟರ್ ಯಾವತ್ತು ಬಾಗಿಲು ತಟ್ಟುತ್ತಾನೋ ಎಂಬ ಅಂಜಿಕೆಗೆ ಅವನು ಈ ಕಾಗದ ಇಟ್ಟುಕೊಂಡ. ಚರಿತ್ರೆಗೆ ಬೇಕಾದೀತು ಎಂಬ ಯೋಚನೆ ಬಂದಿದ್ದರೂ ಆಮೇಲಿನದು. ಈ ಒಂದು ಮಾತು ತಲೆಯಲ್ಲಿಟ್ಟುಕೊಂಡು ಓದಿದರೆ ಒಣಪಟ್ಟಿಗಳು ಮಾತಾಡಲು ಶುರುಮಾಡುತ್ತವೆ.

ಮೊದಲು ಸೇನೆಯ ಕಟ್ಟಡ ತಿಳಿದಿರಲಿ. ಉತ್ತರದ ಸೇನೆಯಲ್ಲಿ ಒಂದು ಕಾಲಾಳು ರೆಜಿಮೆಂಟ್ ಅಂದರೆ ಹತ್ತು ಕಂಪನಿ. ಒಂದು ಕಂಪನಿಯಲ್ಲಿ ಲೆಕ್ಕಕ್ಕೆ ಸುಮಾರು ನೂರು ಜನ. ಅದರ ಯಜಮಾನ ಕ್ಯಾಪ್ಟನ್, ಅವನ ಕೈಕೆಳಗೆ ಇಬ್ಬರು ಲೆಫ್ಟಿನೆಂಟರು, ದಿನದ ಕೆಲಸ ನಡೆಸುವವನು ಫಸ್ಟ್ ಸಾರ್ಜೆಂಟ್. ಹೊಸದಾಗಿ ಸೇರಿದ ಈ ಕ್ಯಾಪ್ಟನ್‌ಗಳಲ್ಲಿ ಬಹಳ ಮಂದಿ ನಿನ್ನೆ ಮೊನ್ನೆವರೆಗೆ ವಕೀಲರು, ಮೇಷ್ಟ್ರುಗಳು, ಅಂಗಡಿಕಾರರು. ಕತ್ತಿ ಹಿಡಿಯುವುದು ಕಲಿಯುವ ಮುಂಚೆ ಅವರು ಫಾರಂ ತುಂಬುವುದು ಕಲಿಯಬೇಕಾಯಿತು. ಯಾವ ಫಾರಂ ಹೇಗೆ ಗೀಟು ಹಾಕಬೇಕು, ಯಾವ ಅಂಕಣದಲ್ಲಿ ಏನು ಬರೆಯಬೇಕು ಎಂಬುದನ್ನು 1861ರ ಸೇನಾ ನಿಯಮಾವಳಿ ಮಾದರಿ ಸಮೇತ ಕೊಡುತ್ತಿತ್ತು.

ಕಂಪನಿಗೆ ಬಂದ ಪ್ರತಿ ಸರ್ಕಾರಿ ವಸ್ತುವಿಗೂ ಕ್ಯಾಪ್ಟನ್ ಸ್ವಂತ ಹೊಣೆ. ನಮ್ಮಲ್ಲಿ 'ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ' ಅಂತಾರೆ. ಈ ಸೇನೆಯಲ್ಲಿ ಗಾದೆ ತಿರುಗುಮುರುಗು. ಕೊಟ್ಟವನು ರಸೀದಿ ಜೇಬಿಗಿಳಿಸಿ ಆರಾಮಾಗಿರುತ್ತಿದ್ದ, ಇಸಕೊಂಡವನ ನಿದ್ದೆ ಕೆಡುತ್ತಿತ್ತು. ಒಂದು ಸ್ಪ್ರಿಂಗ್‌ಫೀಲ್ಡ್ ಬಂದೂಕಿನ ಜಾಡು ನೋಡಿ. ಉಗ್ರಾಣದವನು ಇನ್ವಾಯ್ಸ್ ಬರೆದುಕೊಟ್ಟ. ಕ್ಯಾಪ್ಟನ್ ರಸೀದಿ ಬರೆದುಕೊಟ್ಟ. ಮೂರು ತಿಂಗಳಿಗೊಮ್ಮೆ ಅದು ಶಸ್ತ್ರಾಸ್ತ್ರದ ಲೆಕ್ಕಪಟ್ಟಿಯಲ್ಲಿ ಕಾಣಿಸಿಕೊಂಡಿತು: ಆರಂಭದ ಶಿಲ್ಕು ಇಷ್ಟು, ಈ ಅವಧಿಯಲ್ಲಿ ಜಮಾ ಇಷ್ಟು, ಖರ್ಚಾದದ್ದು ಮತ್ತು ಕಳೆದದ್ದು ಇಷ್ಟು, ಆಖೈರು ಶಿಲ್ಕು ಇಷ್ಟು. ಬಂದೂಕಷ್ಟೇ ಅಲ್ಲ, ಬಯೊನೆಟ್ಟು, ಅದರ ಒರೆ, ತೋಟಾ ಚೀಲ, ಸೊಂಟಪಟ್ಟಿ, ಅದರ ಬಕ್ಕಲು, ಸ್ಕ್ರೂಡ್ರೈವರು, ನಳಿಗೆಯ ಬಾಯಿಗೆ ತುರುಕುವ ಮರದ ಬಿರಡೆ, ಎಲ್ಲದಕ್ಕೂ ಒಂದೊಂದು ಅಂಕಣ. ಬಂದೂಕು ಕಳೆದರೆ ನಾಲ್ಕನೇ ಕಾಗದ. ಸಿಪಾಯಿಯ ಅಜಾಗರೂಕತೆ ಆದರೆ ಅವನ ಸಂಬಳದಿಂದ ಮುರಿದುಕೊಳ್ಳಲು ಟಿಪ್ಪಣಿ, ಕಾಳಗದಲ್ಲಿ ಹೋದರೆ ಅಧಿಕಾರಿಯ ಪ್ರಮಾಣಪತ್ರ. ಹಳತಾಗಿ ಕೆಟ್ಟಿದ್ದರೆ ಇನ್‌ಸ್ಪೆಕ್ಟರ್ ಬಂದು 'ಪರೀಕ್ಷಿಸಿ ತಿರಸ್ಕರಿಸಿದೆ' ಎಂಬರ್ಥದ ಎರಡಕ್ಷರದ ಮುದ್ರೆ ಒತ್ತಬೇಕು.

ಇಲ್ಲಿ ಓದುವವರಿಗೊಂದು ಎಚ್ಚರಿಕೆ. ದೊಡ್ಡ ಕಾಳಗದ ಮಾರನೆಯ ದಿನದ ಪ್ರಮಾಣಪತ್ರದಲ್ಲಿ 'ಶತ್ರುವಿನ ಗುಂಡಿನ ಸುರಿಮಳೆಯಲ್ಲಿ ಕಳೆದದ್ದು' ಎಂದು ಕೊಡಲಿ, ಕೆಟಲ್, ಕಂಬಳಿಗಳ ಉದ್ದನೆಯ ಪಟ್ಟಿ ಕಂಡರೆ ಅಷ್ಟನ್ನೂ ಆ ದಿನದ ಖಾತೆಗೇ ಹಾಕಬೇಡಿ. ಹಿಂದಿನ ಆರು ತಿಂಗಳಲ್ಲಿ ದಾರಿಯಲ್ಲಿ ಎಸೆದದ್ದು, ಪಕ್ಕದ ಕಂಪನಿಯವರು ಹೊತ್ತುಕೊಂಡು ಹೋದದ್ದು, ಎಲ್ಲವನ್ನೂ ತುಂಬಿ ಲೆಕ್ಕ ಸರಿಮಾಡಲು ಒಂದು ಕಾಳಗದಂಥ ಅನುಕೂಲ ಬೇರೆ ಇರಲಿಲ್ಲ. ಹಾಗಂತ ಪಟ್ಟಿ ಸುಳ್ಳು ಎಂದೂ ಅಲ್ಲ. ಅದು ಆಡಿಟರನಿಗೆ ಹೇಳಿದ ನಿಜ.

ಇನ್ನು ಜನರ ಲೆಕ್ಕ. ಮಸ್ಟರ್ ರೋಲ್ ಎಂಬ ಮಾತು ನಮಗೆ ಹೊಸದಲ್ಲ. ಪಂಚಾಯಿತಿ ಕಚೇರಿಯ ಉದ್ಯೋಗ ಖಾತ್ರಿ ಕಡತದಲ್ಲಿ ಇವತ್ತಿಗೂ ಇದೇ ಹೆಸರಿನ ಹಾಳೆ ಇದೆ, ಕೆಲಸವೂ ಹೆಚ್ಚುಕಡಿಮೆ ಅದೇ. ಯಾರು ಹಾಜರಿದ್ದರು, ಯಾರಿಗೆ ಎಷ್ಟು ಬಟವಾಡೆ ಆಗಬೇಕು ಎಂಬುದು. ಅಂತರ್ಯುದ್ಧದ ಸೇನೆಯಲ್ಲಿ ಎರಡು ತಿಂಗಳಿಗೊಮ್ಮೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಹೆಸರು ಕೂಗಿ, ಈ ರೋಲ್ ಬರೆಯಬೇಕಿತ್ತು. ಸಂಬಳ ಹಂಚುವವನು ಬರುವುದು ಇದರ ಆಧಾರದ ಮೇಲೆ. ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 13 ಡಾಲರ್, 1864ರಲ್ಲಿ ಅದು 16 ಆಯಿತು. ಬಟ್ಟೆಗೆಂದು ವರ್ಷಕ್ಕೆ 42 ಡಾಲರಿನ ಭತ್ಯೆ. ಅದಕ್ಕಿಂತ ಹೆಚ್ಚಿನ ಬಟ್ಟೆ ಹರಿದವನ ಸಂಬಳ ಮುರಿಯುತ್ತಿದ್ದರು, ಉಳಿಸಿದವನಿಗೆ ಕೊನೆಗೆ ದುಡ್ಡು ಕೈಗೆ ಸಿಗುತ್ತಿತ್ತು. ಪ್ಯಾಂಟು 14, ಬೂಟು 9 ಜೊತೆ ಅನ್ನುವ ಪಟ್ಟಿಯ ಗುಟ್ಟು ಇದೇ.

ರೋಲಿನ ಬಲತುದಿಯ ಷರಾ ಅಂಕಣವನ್ನು ಬಿಡದೆ ಓದಬೇಕು. ಉಳಿದದ್ದೆಲ್ಲ ಅಂಕಿ, ಮನುಷ್ಯರಿರುವುದು ಅಲ್ಲಿ. 'ಆಸ್ಪತ್ರೆಯಲ್ಲಿ', 'ಸೆರೆಸಿಕ್ಕಿದ್ದಾನೆ', 'ಓಡಿಹೋಗಿದ್ದಾನೆ', 'ಬಂದೂಕು ಕಳೆದದ್ದಕ್ಕೆ ಇಷ್ಟು ಮುರಿಯುವುದು'. ಓಡಿಹೋಗಿದ್ದಾನೆ ಎಂದು ಬರೆಸಿಕೊಂಡವರಲ್ಲಿ ಎಷ್ಟೋ ಮಂದಿ ನಿಜಕ್ಕೂ ಯಾವುದೋ ದೂರದ ಆಸ್ಪತ್ರೆಯಲ್ಲಿ ಜ್ವರದಿಂದ ನರಳುತ್ತಿದ್ದರು, ಆ ಸುದ್ದಿ ಕಂಪನಿಗೆ ಮುಟ್ಟಿರಲಿಲ್ಲ ಅಷ್ಟೆ. ಯುದ್ಧ ಮುಗಿದು ಎಷ್ಟೋ ವರ್ಷವಾದ ಮೇಲೂ ಈ ಕಳಂಕ ತೆಗೆಸಿಕೊಳ್ಳಲು ಮುದುಕರು ಅರ್ಜಿ ಹಾಕುತ್ತಲೇ ಇದ್ದರು. ಆಸ್ಪತ್ರೆಗೆ ಹೋದವನ ಇನ್ನೊಂದು ಗೋಳು: ಅವನ ವಯಸ್ಸು, ಎತ್ತರ, ಮೈಬಣ್ಣ, ಕಣ್ಣಿನ ಬಣ್ಣ, ಹುಟ್ಟಿದ ಊರು, ಕಸುಬು, ಸಂಬಳದ ಬಾಕಿ ಎಲ್ಲ ಇರುವ ವಿವರಣಾ ಪಟ್ಟಿಯನ್ನು ಕ್ಯಾಪ್ಟನ್ ಕಳಿಸಿಕೊಡಬೇಕು. ಅದು ಬರದಿದ್ದರೆ ಸಂಬಳವಿಲ್ಲ. ಕ್ಯಾಪ್ಟನ್ ಅಷ್ಟರಲ್ಲಿ ಸತ್ತೇ ಹೋಗಿದ್ದರೆ? ಕಾಯಬೇಕು.

ಈ ಷರಾ ಅಂಕಣದಲ್ಲಿ ಒಬ್ಬ ಅಧಿಕಾರಿ ಎಷ್ಟು ದೊಡ್ಡ ಕೆಲಸ ಮಾಡಬಹುದಿತ್ತು ಎಂಬುದಕ್ಕೆ 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟಿನ ಉದಾಹರಣೆ ಇದೆ. ಸಿಪಾಯಿಗಳು ಕಪ್ಪು ಜನ, ಮೇಲಧಿಕಾರಿಗಳು ಬಿಳಿಯರು. ಬಿಳಿ ಸಿಪಾಯಿಗೆ 13 ಡಾಲರ್ ಇದ್ದಾಗ ಇವರಿಗೆ 10, ಅದರಲ್ಲೂ ಬಟ್ಟೆಗೆಂದು 3 ಮುರಿದು ಕೈಗೆ 7. ಅವರು ಆ ದುಡ್ಡನ್ನು ಮುಟ್ಟಲೇ ಇಲ್ಲ. ಸುಮಾರು ಒಂದೂವರೆ ವರ್ಷ ಸಂಬಳವಿಲ್ಲದೆ ಹೋರಾಡಿದರು. 1864ರ ಜೂನ್‌ನಲ್ಲಿ ಕಾಂಗ್ರೆಸ್ ಸಮಾನ ವೇತನ ಒಪ್ಪಿತು, ಆದರೆ ಅದರಲ್ಲೂ ಒಂದು ಕೊಕ್ಕೆ. ಸೇರಿದ ದಿನದಿಂದಲೇ ಪೂರ್ತಿ ಬಾಕಿ ಸಿಗುವುದು 1861ರ ಏಪ್ರಿಲ್ 19ಕ್ಕೆ ಸ್ವತಂತ್ರರಾಗಿದ್ದವರಿಗೆ ಮಾತ್ರ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು ಪಡೆಯಲ್ಲಿದ್ದರು. ಅವರು ಪ್ರಮಾಣ ಹೇಗೆ ಮಾಡಬೇಕು? ಕರ್ನಲ್ ಎಡ್ವರ್ಡ್ ಹ್ಯಾಲೊವೆಲ್ ಒಂದು ಪ್ರಮಾಣವಚನ ಕಟ್ಟಿದ. ಆ ದಿನಾಂಕಕ್ಕೆ ಅಥವಾ ಅದಕ್ಕೆ ಮುಂಚೆ ಯಾರಿಗೂ ನಾನು ಕೂಲಿಯಿಲ್ಲದ ದುಡಿಮೆಯ ಋಣಿಯಾಗಿರಲಿಲ್ಲ ಎಂಬುದು ಅದರ ಸಾರ. ದೇವರ ಮುಂದೆ ಯಾವ ಗುಲಾಮನೂ ಯಾರಿಗೂ ಬಿಟ್ಟಿ ದುಡಿಮೆಯ ಋಣಿಯಲ್ಲವಲ್ಲ! ಎಲ್ಲರೂ ಕೈ ಎತ್ತಿದರು, ಎಲ್ಲರ ಹೆಸರಿನ ಮುಂದೂ 'ಸ್ವತಂತ್ರ' ಎಂದು ಬಿತ್ತು. ಹ್ಯಾಲೊವೆಲ್ ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆತನದವನಾದ್ದರಿಂದ ಇದಕ್ಕೆ ಕ್ವೇಕರ್ ಪ್ರಮಾಣ ಎಂದು ಹೆಸರಾಯಿತು. ಸೇನೆಯ ಕಾಗದಪತ್ರದ ಇಡೀ ಚರಿತ್ರೆಯಲ್ಲಿ ಇಷ್ಟು ಜಾಣ ವಾಕ್ಯ ಇನ್ನೊಂದನ್ನು ನಾನು ಕಂಡಿಲ್ಲ.

ದಿನಾ ಬೆಳಿಗ್ಗೆ ಬರೆಯುವ ವರದಿ ಇನ್ನೊಂದು. ಕೆಲಸಕ್ಕೆ ಹಾಜರು ಇಷ್ಟು, ಕಾಯಿಲೆ ಇಷ್ಟು, ಬೇರೆ ಕೆಲಸದ ಮೇಲೆ ಇಷ್ಟು, ಬಂಧನದಲ್ಲಿ ಇಷ್ಟು, ರಜೆಯಲ್ಲಿ ಇಷ್ಟು, ಒಟ್ಟು ಇಷ್ಟು. ಕಂಪನಿಯ ಅಂಕಿ ರೆಜಿಮೆಂಟಿಗೆ, ಅಲ್ಲಿಂದ ಬ್ರಿಗೇಡಿಗೆ, ಡಿವಿಷನ್ನಿಗೆ, ಕೊನೆಗೆ ರಾಜಧಾನಿಗೆ. ಇಷ್ಟು ಸರಳ ಕೂಡುವ ಲೆಕ್ಕದಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಮತ್ತು ಅವನ ಸೇನಾಪತಿ ಜಾರ್ಜ್ ಮೆಕ್‌ಕ್ಲೆಲನ್ ಜಗಳವಾಡಿದರು. 1862ರ ಏಪ್ರಿಲ್ 9ರಂದು ಲಿಂಕನ್ ಬರೆದ ಕಾಗದ ಪ್ರಸಿದ್ಧ. ನಿಮ್ಮದೇ ವರದಿಗಳಿಂದ ತೆಗೆದ ಲೆಕ್ಕದಂತೆ ನಿಮ್ಮ ಹತ್ತಿರ ಇರುವವರು ಮತ್ತು ದಾರಿಯಲ್ಲಿರುವವರು ಸೇರಿ 1,08,000, ನೀವು ನೋಡಿದರೆ ಎಲ್ಲರೂ ಬಂದು ಸೇರಿದರೂ 85,000 ಅನ್ನುತ್ತೀರಿ, ನಡುವಿನ 23,000 ಜನ ಎಲ್ಲಿ ಹೋದರು ಎಂದು ಕೇಳಿದ.

ಎಲ್ಲೂ ಹೋಗಿರಲಿಲ್ಲ. ಅಂಕಣ ಬೇರೆಯಾದರೆ ಸೇನೆಯ ಗಾತ್ರವೂ ಬೇರೆ. ಪುಸ್ತಕದಲ್ಲಿ ಹೆಸರಿರುವವರೆಲ್ಲ ಒಂದು ಸಂಖ್ಯೆ, ಶಿಬಿರದಲ್ಲಿ ಇರುವವರು ಇನ್ನೊಂದು, ಬಂದೂಕು ಹಿಡಿದು ಸಾಲಿನಲ್ಲಿ ನಿಲ್ಲಬಲ್ಲವರು ಮತ್ತೊಂದು. ತನ್ನ ಬಲ ಕಡಿಮೆ ಎಂದು ತೋರಿಸಬೇಕಾದ ಸೇನಾಪತಿ ಕೊನೆಯ ಅಂಕಣ ನೋಡುತ್ತಾನೆ, ದುಡ್ಡು ಕೊಡುವ ಸರ್ಕಾರ ಮೊದಲನೆಯದನ್ನು. ಇದರ ಮೇಲೆ ಇನ್ನೊಂದು ತೊಡಕು. ದಕ್ಷಿಣದವರು ತಮ್ಮ ಬಲ ಹೇಳುವಾಗ ಬಂದೂಕು ಹಿಡಿದವರನ್ನಷ್ಟೇ ಎಣಿಸುವುದು ವಾಡಿಕೆ. ಉತ್ತರದವರ 'ಕೆಲಸಕ್ಕೆ ಹಾಜರು' ಅಂಕಣದಲ್ಲಿ ಬಂಡಿ ಹೊಡೆಯುವವರು, ಅಡುಗೆಯವರು ಕೂಡ ಸೇರಿಬಿಡುತ್ತಿದ್ದರು. ಎರಡೂ ಕಡೆಯ ಸಂಖ್ಯೆಯನ್ನು ಅಕ್ಕಪಕ್ಕ ಇಟ್ಟು ನಮ್ಮವರು ಎಷ್ಟು ಕಡಿಮೆ ಇದ್ದರೂ ಹೇಗೆ ಹೋರಾಡಿದರು ಎಂದು ಕೊಚ್ಚಿಕೊಂಡ ಬರಹಗಳಿಗೆ ಲೆಕ್ಕವಿಲ್ಲ. ಯಾವ ಅಂಕಣದ ಸಂಖ್ಯೆ ಎಂದು ಕೇಳಿದರೆ ಅರ್ಧ ವೀರಾವೇಶ ಅಲ್ಲೇ ಇಳಿಯುತ್ತದೆ.

ಇನ್ನು ಕಾಗದದ ಬೆನ್ನು. ಆ ಕಾಲದ ಸೇನಾಪತ್ರಗಳನ್ನು ಮೂರು ಮಡಿಕೆ ಮಾಡಿ ಉದ್ದಕ್ಕೆ ಕಟ್ಟಿಡುತ್ತಿದ್ದರು. ಮಡಿಸಿದಾಗ ಹೊರಗೆ ಕಾಣುವ ಭಾಗದಲ್ಲಿ ಯಾವ ಊರು, ಯಾವ ದಿನ, ಯಾರು ಬರೆದದ್ದು, ಒಳಗೇನಿದೆ ಎಂದು ನಾಲ್ಕು ಸಾಲು. ಅದರ ಕೆಳಗೆ, ಪಕ್ಕದ ಮಡಿಕೆಗಳಲ್ಲಿ, ಪತ್ರ ಮೇಲೆ ಏರುತ್ತ ಹೋದಂತೆ ಒಬ್ಬೊಬ್ಬ ಅಧಿಕಾರಿಯ ಹಿಂಬರಹ. ನಮ್ಮ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟು 'ಹಿಂಬರಹ' ಪಡೆದು ವಾಪಸಾದವರಿಗೆ ಆ ಪದದ ಅರ್ಥ ವಿವರಿಸಬೇಕಿಲ್ಲ. ಪದದ ಮೂಲಾರ್ಥ ಮಾತ್ರ ಇದೇ, ಕಾಗದದ ಹಿಂದೆ ಬರೆದ ಬರಹ. ಲೆಫ್ಟಿನೆಂಟ್ ಒಬ್ಬ ಕಾಯಿಲೆ ರಜೆಗೆ ಬರೆದ ಅರ್ಜಿ ಅನ್ನಿ. ಒಳಗಿನ ಪತ್ರ ಐದು ಸಾಲು, ಜೊತೆಗೆ ಡಾಕ್ಟರ ಸರ್ಟಿಫಿಕೇಟು. ಬೆನ್ನ ಮೇಲೆ ಕರ್ನಲ್ 'ಶಿಫಾರಸು ಮಾಡಿದೆ', ಬ್ರಿಗೇಡಿನವನು 'ಮೇಲಕ್ಕೆ ರವಾನಿಸಿದೆ', ಇನ್ನೊಬ್ಬ 'ಡಾಕ್ಟರ ಸರ್ಟಿಫಿಕೇಟು ನಿಯಮದಂತಿಲ್ಲ, ವಾಪಸು'. ಮತ್ತೆ ಅಷ್ಟೂ ಮೆಟ್ಟಿಲು ಇಳಿಯಬೇಕು. ಪತ್ರದ ಮುಖಕ್ಕಿಂತ ಬೆನ್ನಿನಲ್ಲಿ ಹೆಚ್ಚು ನಾಟಕ ಇರುತ್ತದೆ. ನಕಲು ತೆಗೆಯುವಾಗ ಬೆನ್ನನ್ನು ಬಿಟ್ಟುಬಿಡುವವರನ್ನು ಕಂಡರೆ ಸಿಟ್ಟು ಬರುವುದು ಅದಕ್ಕೇ.

ಆದೇಶಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಎಲ್ಲರಿಗೂ ಅನ್ವಯಿಸುವುದು ಸಾಮಾನ್ಯ ಆದೇಶ; ಒಬ್ಬ ವ್ಯಕ್ತಿಗೋ ಒಂದು ತುಕಡಿಗೋ ಸಂಬಂಧಪಟ್ಟದ್ದು, ರಜೆ, ವರ್ಗಾವಣೆ, ಚಲನೆ ಇಂಥವು, ವಿಶೇಷ ಆದೇಶ. ಯುದ್ಧದಲ್ಲಿ ಏನು ಮಾಡಬಹುದು ಏನು ಕೂಡದು ಎಂದು 1863ರ ಏಪ್ರಿಲ್ 24ರಂದು ಹೊರಟ, ಫ್ರಾನ್ಸಿಸ್ ಲೀಬರ್ ಎಂಬ ಪಂಡಿತ ಬರೆದ ಸಂಹಿತೆ ಸಾಮಾನ್ಯ ಆದೇಶ ಸಂಖ್ಯೆ 100. ಆಮೇಲಿನ ಅಂತರರಾಷ್ಟ್ರೀಯ ಯುದ್ಧ ಕಾನೂನಿಗೆ ಅದು ತಳಪಾಯ. ವಿಶೇಷ ಆದೇಶಗಳ ಪೈಕಿ ಪ್ರಸಿದ್ಧವಾದದ್ದು 191, ಅದರ ಪ್ರಸಿದ್ಧಿ ಕಳೆದುಹೋದದ್ದರಿಂದ.

1862ರ ಸೆಪ್ಟೆಂಬರಿನಲ್ಲಿ ದಕ್ಷಿಣದ ಸೇನಾಪತಿ ರಾಬರ್ಟ್ ಲೀ ತನ್ನ ಸೈನ್ಯವನ್ನು ಹಲವು ಹೋಳು ಮಾಡಿ ಬೇರೆ ಬೇರೆ ದಿಕ್ಕಿಗೆ ಕಳಿಸಿದ. ಯಾರು ಎಲ್ಲಿಗೆ ಎಂಬುದೆಲ್ಲ ಆ ಆದೇಶದಲ್ಲಿತ್ತು. ಸೆಪ್ಟೆಂಬರ್ 13ರಂದು ಮೇರಿಲ್ಯಾಂಡಿನ ಫ್ರೆಡರಿಕ್ ಊರಿನ ಹತ್ತಿರ, ದಕ್ಷಿಣದವರು ಬಿಟ್ಟುಹೋದ ಬಿಡಾರದ ಜಾಗದಲ್ಲಿ, ಉತ್ತರದ 27ನೇ ಇಂಡಿಯಾನಾ ರೆಜಿಮೆಂಟಿನ ಕಾರ್ಪೋರಲ್ ಬಾರ್ಟನ್ ಮಿಚೆಲ್‌ಗೆ ಮೂರು ಚುಟ್ಟ ಸುತ್ತಿದ ಕಾಗದವೊಂದು ಹುಲ್ಲಿನಲ್ಲಿ ಸಿಕ್ಕಿತು. ಅದೇ ಆದೇಶದ ಪ್ರತಿ, ಡಿ. ಎಚ್. ಹಿಲ್ ಎಂಬ ಜನರಲ್ ಹೆಸರಿಗೆ. ಕೆಳಗಿದ್ದ ಲೀಯ ಸಹಾಯಕ ಚಿಲ್ಟನ್‌ನ ಕೈಬರಹವನ್ನು ಉತ್ತರದ ಅಧಿಕಾರಿಯೊಬ್ಬ ಗುರುತು ಹಿಡಿದು, ಇದು ನಕಲಿ ಅಲ್ಲ ಅಂದ. ನಾಲ್ಕು ದಿನದ ಮೇಲೆ ಆಂಟೀಟಮ್ ಹೊಳೆಯ ದಂಡೆಯಲ್ಲಿ ಒಂದೇ ದಿನ ಎರಡೂ ಕಡೆ ಸೇರಿ ಸುಮಾರು 23,000 ಜನ ಸತ್ತರು, ಗಾಯಗೊಂಡರು, ಕಾಣೆಯಾದರು.

ಹಿಲ್ ಮಾತ್ರ ಬದುಕಿರುವವರೆಗೂ ಹೇಳುತ್ತಿದ್ದ, ಆ ಪ್ರತಿ ನನ್ನ ಕೈಗೆ ಬರಲೇ ಇಲ್ಲ ಎಂದು. ತನಗೆ ಬಂದದ್ದು ಜನರಲ್ ಜ್ಯಾಕ್ಸನ್ ತನ್ನ ಕೈಯಾರೆ ನಕಲು ಮಾಡಿ ಕಳಿಸಿದ ಇನ್ನೊಂದು ಪ್ರತಿ, ನೋಡಿ ಇಲ್ಲಿದೆ, ಎಂದು ಅದನ್ನು ಜೋಪಾನವಾಗಿಟ್ಟು ತೋರಿಸುತ್ತಿದ್ದ. ಅವನು ಆ ಕಾಗದ ಕಾಪಾಡಿದ್ದು ಸ್ಮಾರಕ ಅಂತಲ್ಲ, ತನ್ನ ಮೇಲಿನ ಅಪವಾದಕ್ಕೆ ಜವಾಬು ಅಂತ. ಚುಟ್ಟ ಸುತ್ತಿದ್ದ ಪ್ರತಿ ಮೆಕ್‌ಕ್ಲೆಲನ್‌ನ ಕಾಗದಗಳ ಜೊತೆ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಚುಟ್ಟ ಯಾರು ಸೇದಿದರೋ!

ಆದೇಶದ ಭಾಷೆಯ ಬಗ್ಗೆ ಒಂದು ಮಾತು. ಗ್ರಾಂಟ್ ಕಡತ ಜೋಡಿಸುವುದರಲ್ಲಿ ಶುದ್ಧ ದಡ್ಡ. ತಾನು ಕಾಗದ ಇಟ್ಟರೆ ಮತ್ತೆ ಸಿಗುವ ಜಾಗ ಎರಡೇ, ಒಂದು ಕೋಟಿನ ಜೇಬು, ಇನ್ನೊಂದು ತನಗಿಂತ ಹುಷಾರಾದ ಗುಮಾಸ್ತನ ಕೈ ಎಂದು ಆತ್ಮಕಥೆಯಲ್ಲಿ ತಾನೇ ನಕ್ಕಿದ್ದಾನೆ. ಆದರೆ ಅವನ ಆದೇಶ ಓದಿದವನಿಗೆ ಏನು ಮಾಡಬೇಕು ಎಂಬುದರಲ್ಲಿ ಅನುಮಾನವೇ ಉಳಿಯುತ್ತಿರಲಿಲ್ಲ. ಲೀ ಸಭ್ಯ ಮನುಷ್ಯ, ಕೈಕೆಳಗಿನವರಿಗೆ ವಿವೇಚನೆ ಬಿಡುವವನು. ಗೆಟಿಸ್‌ಬರ್ಗ್‌ನಲ್ಲಿ 1863ರ ಜುಲೈ 1ರ ಸಂಜೆ ಎದುರಿನ ಗುಡ್ಡವನ್ನು ಹಿಡಿಯುವಂತೆ ಜನರಲ್ ಯೂವೆಲ್‌ಗೆ ಹೇಳಿಕಳಿಸಿದಾಗ ಅದರಲ್ಲಿ 'ಸಾಧ್ಯವೆಂದು ಕಂಡರೆ' ಎಂಬ ಮಾತಿತ್ತು, ದೊಡ್ಡ ಕಾಳಗಕ್ಕೆ ಇಳಿಯಬೇಡಿ ಎಂಬ ಮಾತೂ ಇತ್ತು. ಯೂವೆಲ್‌ಗೆ ಸಾಧ್ಯವೆಂದು ಕಾಣಲಿಲ್ಲ. ಗುಡ್ಡ ಉತ್ತರದವರ ಕೈಯಲ್ಲೇ ಉಳಿಯಿತು. 'ಸೂಕ್ತ ಕ್ರಮ ಕೈಗೊಳ್ಳುವುದು' ಎಂಬ ಷರಾ ಬಿದ್ದ ಕಡತ ಎಲ್ಲಿಗೆ ಹೋಗಿ ಮಲಗುತ್ತದೆ ಎಂದು ಬಲ್ಲ ನಮಗೆ ಯೂವೆಲ್ ಮೇಲೆ ಅಷ್ಟೇನೂ ಸಿಟ್ಟು ಬರುವುದಿಲ್ಲ.

ಕಟ್ಟಿನಲ್ಲಿ ಇಲ್ಲದ ಕಾಗದವನ್ನೂ ಓದಲು ಕಲಿಯಬೇಕು. ಅದೇ ಗೆಟಿಸ್‌ಬರ್ಗ್‌ನ ಮೂರನೇ ದಿನ ಜಾರ್ಜ್ ಪಿಕೆಟ್‌ನ ಡಿವಿಷನ್ ಬಯಲು ದಾಟಿ ನುಗ್ಗಿ ಚಿಂದಿಯಾಯಿತು. ಅವನು ವರದಿ ಬರೆದ, ಅದರಲ್ಲಿ ಬೇರೆಯವರ ಮೇಲೆ ದೂರಿತ್ತು. ಈ ಹೊತ್ತಿನಲ್ಲಿ ಒಡಕು ಬೇಡ, ಮೂಲ ಮತ್ತು ನಕಲು ಎರಡನ್ನೂ ನಾಶಮಾಡಿ, ಸಾವುನೋವಿನ ಲೆಕ್ಕಕ್ಕಷ್ಟೇ ಸೀಮಿತವಾದ ಇನ್ನೊಂದು ವರದಿ ಕೊಡಿ ಎಂದು ಲೀ ಬರೆದ. ಪಿಕೆಟ್‌ನ ವರದಿ ಇವತ್ತಿಗೂ ಸಿಕ್ಕಿಲ್ಲ, ಲೀ ಬರೆದ ಆ ಪತ್ರ ಅಚ್ಚಾಗಿದೆ. ನಾಶಮಾಡಿ ಎಂದು ಹೇಳಿದ ಕಾಗದ ಉಳಿದು, ನಾಶವಾಗಬೇಕಾದ ಕಾಗದ ಕಾಣೆಯಾದ ತಮಾಷೆ ಇದು.

ಹುದ್ದೆಯ ಕಾಗದಗಳಲ್ಲಿ ಬೇಗ ಮೋಸಹೋಗುತ್ತೇವೆ. ಸ್ವಯಂಸೇವಕ ರೆಜಿಮೆಂಟಿನ ಅಧಿಕಾರಿಗೆ ನೇಮಕಪತ್ರ ಕೊಡುವವನು ಅವನ ರಾಜ್ಯದ ಗವರ್ನರ್. ಆದರೆ ಕೇಂದ್ರ ಸರ್ಕಾರದ ಅಧಿಕಾರಿ ಬಂದು ಸೇವೆಗೆ ಸೇರಿಸಿಕೊಳ್ಳುವವರೆಗೆ ಆ ಹುದ್ದೆಯ ಸಂಬಳ ಇಲ್ಲ. ಕಂಪನಿಯಲ್ಲಿ ತಲೆ ಕಡಿಮೆಯಾಗಿದ್ದರೆ ಸೇರಿಸಿಕೊಳ್ಳುವುದೂ ಇಲ್ಲ. ಗೋಡೆಯ ಮೇಲೆ ಚೌಕಟ್ಟು ಹಾಕಿದ ನೇಮಕಪತ್ರ ಇದ್ದೂ ಆ ಹುದ್ದೆಯಲ್ಲಿ ಒಂದು ದಿನವೂ ಸಂಬಳ ಎಣಿಸದವರು ಹಾಗಾಗಿ ಸಿಗುತ್ತಾರೆ. ಇನ್ನು 'ಬ್ರೆವೆಟ್' ಎಂಬ ಪದವಿ ಹೆಚ್ಚಾಗಿ ಗೌರವಕ್ಕೆ. 1865ರ ಮಾರ್ಚ್ 13ರ ತಾರೀಕು ಹಾಕಿ ಅದನ್ನು ಸಾಮೂಹಿಕವಾಗಿ ಹಂಚಿದರು. ಜಾರ್ಜ್ ಕಸ್ಟರ್ ಯುದ್ಧ ಮುಗಿದಾಗ ಸ್ವಯಂಸೇವಕ ಸೇನೆಯಲ್ಲಿ ಮೇಜರ್ ಜನರಲ್, ಕಾಯಂ ಸೇನೆಯ ಪುಸ್ತಕದಲ್ಲಿ ಬರೀ ಕ್ಯಾಪ್ಟನ್. ಸ್ವಯಂಸೇವಕ ಸೇನೆ ಕರಗಿದ ಮೇಲೆ ಉಳಿದದ್ದು ಎರಡನೆಯದೇ.

ಅಧಿಕಾರಿಯ ಸ್ವಂತ ಸಂಬಳದ ವೋಚರಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಆಳು ಇಟ್ಟುಕೊಳ್ಳಲು ಅಧಿಕಾರಿಗೆ ಭತ್ಯೆ ಇತ್ತು, ಅದನ್ನು ಕೇಳಬೇಕಾದರೆ ಆಳಿನ ಹೆಸರು, ಮೈಬಣ್ಣ, ಎತ್ತರ, ಕಣ್ಣು, ಕೂದಲು ಬರೆಯಬೇಕಿತ್ತು. ದಕ್ಷಿಣದ ತೋಟಗಳಿಂದ ಬಿಡಿಸಿಕೊಂಡು ಶಿಬಿರಕ್ಕೆ ಓಡಿಬಂದ ಎಷ್ಟೋ ಹುಡುಗರು ಇಂಥ ಕೆಲಸಕ್ಕೆ ಸೇರಿದರು. ಗುಲಾಮರ ಗಣತಿಯ ಪಟ್ಟಿಯಲ್ಲಿ ಒಡೆಯನ ಹೆಸರಿರುತ್ತಿತ್ತು, ಗುಲಾಮನದು ಸಾಮಾನ್ಯವಾಗಿ ವಯಸ್ಸು, ಲಿಂಗ ಮತ್ತು ಬಣ್ಣ ಮಾತ್ರ. ಅಂಥವನೊಬ್ಬನ ಹೆಸರು ಸರ್ಕಾರಿ ಕಾಗದದ ಮೇಲೆ ಮೊದಲ ಸಲ ಬಿದ್ದದ್ದು ಲೆಫ್ಟಿನೆಂಟನೊಬ್ಬನ ಭತ್ಯೆಯ ಬಿಲ್ಲಿನಲ್ಲಿ ಆಗಿರಬಹುದು. ಬಿಲ್ಲು ಬರೆದವನಿಗೆ ಆ ಯೋಚನೆ ಇದ್ದಿರಲಾರದು. ಅವನಿಗೆ ಭತ್ಯೆ ಬೇಕಿತ್ತು.

ದಕ್ಷಿಣದ ಅಧಿಕಾರಿಯ ಕಟ್ಟು ನೋಡಿದರೆ ಫಾರಂಗಳು ಹೆಚ್ಚುಕಡಿಮೆ ಅವೇ. ಆಶ್ಚರ್ಯವಿಲ್ಲ. ಯುದ್ಧಕ್ಕೆ ಮುಂಚೆ ಅಮೆರಿಕದ ಸೇನೆಯ ಅಡ್ಜುಟೆಂಟ್ ಜನರಲ್ ಆಗಿ ಕಾಗದದ ಸಾಮ್ರಾಜ್ಯ ಆಳಿದ್ದ ಸ್ಯಾಮುಯೆಲ್ ಕೂಪರ್ ದಕ್ಷಿಣಕ್ಕೆ ಹೋಗಿ ಅಲ್ಲೂ ಅದೇ ಹುದ್ದೆ ಹಿಡಿದ. ನಿಯಮಾವಳಿಯನ್ನೂ ಬಹುಮಟ್ಟಿಗೆ ಹಾಗೇ ಎತ್ತಿಕೊಂಡರು. ಕಾಗದವೇ ಇರಲಿಲ್ಲ ಅನ್ನುವುದೊಂದು ವ್ಯತ್ಯಾಸ. ಹಳೆಯ ಫಾರಂನ ಬೆನ್ನಿನ ಮೇಲೆ ಬರೆದರು, ಲಕೋಟೆಯನ್ನು ಒಳಗುಹೊರಗು ಮಾಡಿ ಮತ್ತೆ ಬಳಸಿದರು. ವಿಕ್ಸ್‌ಬರ್ಗ್ ಮುತ್ತಿಗೆಯ ಕೊನೆಗೆ ಅಲ್ಲಿನ ಪತ್ರಿಕೆ ಗೋಡೆಗೆ ಅಂಟಿಸುವ ಬಣ್ಣದ ಕಾಗದದ ಹಿಂಬದಿಯಲ್ಲಿ ಅಚ್ಚಾಯಿತು.

1865ರ ಏಪ್ರಿಲ್‌ನಲ್ಲಿ ದಕ್ಷಿಣದವರ ರಾಜಧಾನಿ ರಿಚ್ಮಂಡ್ ಹೊತ್ತಿ ಉರಿದಾಗ ಬಹಳಷ್ಟು ದಾಖಲೆ ಬೂದಿಯಾಯಿತು. ಸಾಗಿಸಲು ಸಾಧ್ಯವಾದದ್ದನ್ನು ಪೆಟ್ಟಿಗೆಗಳಲ್ಲಿ ದಕ್ಷಿಣಕ್ಕೆ ಒಯ್ದಿದ್ದರು. ಕೂಪರ್ ಅವನ್ನು ಸುಡಿಸಲಿಲ್ಲ, ಶಾರ್ಲಟ್ ಊರಿನಲ್ಲಿ ಅವು ಉತ್ತರದವರ ಕೈಸೇರಿದವು. ಅವನ್ನು ವಿಂಗಡಿಸಲು ಸರ್ಕಾರ ನೇಮಿಸಿದ್ದು ಸಂಹಿತೆ ಬರೆದ ಅದೇ ಲೀಬರನನ್ನು. ಅವನ ಒಬ್ಬ ಮಗ ದಕ್ಷಿಣದ ಪರ ಹೋರಾಡಿ ಸತ್ತಿದ್ದ, ಇನ್ನೊಬ್ಬ ಉತ್ತರದ ಪರ ಹೋರಾಡಿ ತೋಳು ಕಳೆದುಕೊಂಡಿದ್ದ.

ಶರಣಾದವರ ಕೈಗೂ ಒಂದು ಚೀಟಿ ಬಂತು. ಆಪೊಮ್ಯಾಟಾಕ್ಸ್‌ನಲ್ಲಿ ಏಪ್ರಿಲ್ 9ರಂದು ಲೀ ಶರಣಾದಾಗ ಗ್ರಾಂಟ್ ಬರೆದ ಷರತ್ತುಗಳ ಶುದ್ಧಪ್ರತಿ ಮಾಡಿದ್ದು ಅವನ ಸಿಬ್ಬಂದಿಯಲ್ಲಿದ್ದ ಈಲಿ ಪಾರ್ಕರ್, ಸೆನೆಕಾ ಎಂಬ ಮೂಲನಿವಾಸಿ ಕುಲದವನು. ಮತ್ತೆ ಆಯುಧ ಹಿಡಿಯುವುದಿಲ್ಲ ಎಂದು ಮಾತುಕೊಟ್ಟವನು ಮನೆಗೆ ಹೋಗಬಹುದು ಎಂಬ ಪೆರೋಲ್ ಚೀಟಿಯನ್ನು ಊರಿನ ಹೋಟೆಲಿನಲ್ಲಿ ಅಚ್ಚುಯಂತ್ರ ಇಟ್ಟು ಮುದ್ರಿಸಿ ಸುಮಾರು 28,000 ಜನರಿಗೆ ಕೊಟ್ಟರು. ಪ್ರತಿಯೊಂದಕ್ಕೂ ರುಜು ಹಾಕಿದವನು ಗೆದ್ದ ಪಕ್ಷದವನಲ್ಲ, ಸೋತ ಸಿಪಾಯಿಯ ಸ್ವಂತ ಅಧಿಕಾರಿ. ಅವನ ಅಧಿಕಾರದ ಕೊನೆಯ ರುಜು ಬಹುಶಃ ಅದೇ. ದಾರಿಯಲ್ಲಿ ರೈಲು, ಹಡಗು, ರೇಷನ್ನಿಗೆ ಆ ಚೀಟಿಯೇ ಆಧಾರವಾಯಿತು.

ಎರಡೂ ಪಕ್ಷದ ಆದೇಶ, ವರದಿ, ಪತ್ರಗಳನ್ನು ಒಟ್ಟುಗೂಡಿಸಿ ಅಮೆರಿಕ ಸರ್ಕಾರ 1880ರಿಂದ 1901ರವರೆಗೆ 128 ಗ್ರಂಥಗಳಲ್ಲಿ ಅಚ್ಚುಹಾಕಿತು. ಲೀ ಪಿಕೆಟ್‌ಗೆ ಬರೆದ ಪತ್ರ ಇರುವುದು ಅಲ್ಲೇ. ಮಸ್ಟರ್ ರೋಲ್‌ಗಳ ಪಾಡು ಬೇರೆ. ಪಿಂಚಣಿ ಅರ್ಜಿ ಬಂದಾಗಲೆಲ್ಲ ಗುಮಾಸ್ತರು ಅವನ್ನು ಬಿಚ್ಚಿ ಬಿಚ್ಚಿ ಮಡಿಕೆಗಳು ಹರಿಯತೊಡಗಿದ್ದವು. ಫ್ರೆಡ್ ಏನ್ಸ್‌ವರ್ತ್ ಎಂಬ ಸೇನಾ ವೈದ್ಯಾಧಿಕಾರಿ ರೋಲಿನ ಪ್ರತಿಯೊಂದು ಹೆಸರನ್ನೂ ಒಂದೊಂದು ಕಾರ್ಡಿಗೆ ಇಳಿಸುವ ಪದ್ಧತಿ ತಂದ. ಇಂದು ಯಾರಾದರೂ ತಮ್ಮ ಮುತ್ತಜ್ಜನ ಸೇವಾ ದಾಖಲೆ ತರಿಸಿಕೊಂಡರೆ ಕೈಗೆ ಬರುವುದು ಆ ಕಾರ್ಡುಗಳೇ. ಅಂದರೆ ಯುದ್ಧಕಾಲದ ಕಾಗದವಲ್ಲ, ಮೂವತ್ತು ವರ್ಷದ ಮೇಲೆ ಗುಮಾಸ್ತರು ಮಾಡಿದ ನಕಲು. ಹೆಸರಿನ ಕಾಗುಣಿತ ತಪ್ಪಿದ್ದರೆ ಯಾರ ತಪ್ಪೋ. ಆ ಕಚೇರಿಯ ಒಂದು ಭಾಗ ಇದ್ದದ್ದು ವಾಷಿಂಗ್ಟನ್‌ನ ಫೋರ್ಡ್ಸ್ ಥಿಯೇಟರಿನಲ್ಲಿ, 1865ರಲ್ಲಿ ಲಿಂಕನ್‌ಗೆ ಗುಂಡು ಬಿದ್ದ ಅದೇ ಕಟ್ಟಡ. 1893ರ ಜೂನ್ 9ರಂದು ಅದರ ಒಳಮಹಡಿಗಳು ಕುಸಿದು 22 ಗುಮಾಸ್ತರು ಸತ್ತರು. ಅಂತರ್ಯುದ್ಧದ ಕಾಗದಕ್ಕೆ ಬಲಿಯಾದವರ ಪಟ್ಟಿಗೆ ಅವರನ್ನೂ ಸೇರಿಸಬೇಕು.

ಕಟ್ಟುಗಳಲ್ಲೆಲ್ಲ ದಪ್ಪನೆಯದು ಸತ್ತವನದು. ಗಂಡ ಸತ್ತ ಹೆಂಗಸು ಪಿಂಚಣಿಗೆ ಅರ್ಜಿ ಹಾಕಿದರೆ ಮದುವೆಯಾದದ್ದಕ್ಕೆ ಪುರಾವೆ ಕೇಳುತ್ತಿದ್ದರು. ಗುಲಾಮಗಿರಿಯಲ್ಲಿ ಮದುವೆಯಾದವರಿಗೆ ಯಾವ ದಾಖಲೆಯೂ ಇರಲಿಲ್ಲ, ಅವರ ಪರವಾಗಿ ನೆರೆಯವರು, ಜೊತೆಯ ಸಿಪಾಯಿಗಳು ಬಂದು ಸಾಕ್ಷಿ ಹೇಳಿದರು. ಇವರಿಬ್ಬರೂ ಯಾವ ತೋಟದಲ್ಲಿ, ಯಾರ ಮುಂದೆ ಒಂದಾದರು ಎಂಬುದೆಲ್ಲ ಹಾಗೆ ಬರಹಕ್ಕೆ ಇಳಿಯಿತು. ಮಗನನ್ನು ಕಳೆದುಕೊಂಡ ತಾಯಿ ಅವನ ದುಡಿಮೆಯಲ್ಲೇ ತಾನು ಬದುಕಿದ್ದೆ ಎಂದು ತೋರಿಸಬೇಕಿತ್ತು. ಅದಕ್ಕೆ ಅವರ ಬಳಿ ಇದ್ದದ್ದು ಅವನ ಪತ್ರಗಳು: ಅಮ್ಮಾ, ಇದರ ಜೊತೆ ಇಷ್ಟು ಡಾಲರ್ ಕಳಿಸಿದ್ದೇನೆ ಎಂಬ ಸಾಲಿರುವ ಪತ್ರಗಳು. ಅವನ್ನು ಲಗತ್ತಿಸಿ ಕಳಿಸಿದರು. ಅರ್ಜಿ ಮಂಜೂರಾಯಿತು, ಪತ್ರಗಳು ಕಡತದಲ್ಲೇ ಉಳಿದುಕೊಂಡವು. ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಅವು ಇವತ್ತೂ ಪಿಂಚಣಿ ಫಾರಂಗಳ ನಡುವೆ ಮಡಿಸಿಕೊಂಡು ಕೂತಿವೆ.

ಆ ಪಿಂಚಣಿಯ ಖಾತೆ ಬಹಳ ಕಾಲ ತೆರೆದೇ ಇತ್ತು. ದಕ್ಷಿಣದ ಸೇನೆ ಬಿಟ್ಟು ಉತ್ತರಕ್ಕೆ ಸೇರಿದ್ದ ಸಿಪಾಯಿಯೊಬ್ಬನಿಗೆ ಇಳಿವಯಸ್ಸಿನಲ್ಲಿ ಹುಟ್ಟಿದ ಮಗಳಿಗೆ ತಿಂಗಳಿಗೆ 73 ಡಾಲರ್ 13 ಸೆಂಟ್ ಬರುತ್ತಿತ್ತು. ಆಕೆ 2020ರಲ್ಲಿ ತೀರಿಕೊಂಡ ಮೇಲೆ ಆ ಯುದ್ಧದ ಪಿಂಚಣಿ ಪಡೆಯುವವರು ಯಾರೂ ಉಳಿಯಲಿಲ್ಲ.